ಕಾಯಿ ದೂರ ಸರಿಯಬಾರದು

ಮೊನ್ನೆ ಕೋಥರೂಡ ಬಡಾವಣೆಯ ನಮ್ಮ ಮನೆಯಲ್ಲಿ ಗಣಪತಿಯನ್ನು ಬಕೆಟ್ಟಿನ ನೀರಿನಲ್ಲೇ ಕಳಿಸಿಕೊಟ್ಟೆವು. ಮೂರ್ತಿ ಮುಳುಗಿತು, ಕಲಶದ ಕಾಯಿ ತೇಲಿತು. ಎತ್ತಿಕೊಳ್ಳಲು ಕೈ ಹಾಕಿದರೆ ಅತ್ತ ಸರಿಯಿತು. ಅಷ್ಟಕ್ಕೇ ದೋಣಿಕಾಕಾ ನೆನಪಾದರು...

ಪಾನಶೇತ ಅಣೆಕಟ್ಟಿನ ಹಿನ್ನೀರಿನ ಆಚೆ ದಡದ ಹಳ್ಳಿಗಳಿಗೆ ಆಗ ನಾನು ನರ್ಸ್. ದಿನಾ ನನ್ನನ್ನು ದಾಟಿಸುತ್ತಿದ್ದುದು ಕಾಕಾರ ಒಂದೇ ಎಂಜಿನ್ನಿನ ದೋಣಿ. ಬಾಗಲಕೋಟೆ ಕಡೆಯವರು. ಉಳಿದವರನ್ನೆಲ್ಲ ಮರಾಠಿಯಲ್ಲಿ ಗದರಿಸಿ, ನನ್ನನ್ನು ಮಾತ್ರ ಕನ್ನಡದಲ್ಲಿ ಗದರಿಸುತ್ತಿದ್ದರು. ಅದು ನನಗೆ ಸಿಗುತ್ತಿದ್ದ ವಿಶೇಷ ಮರ್ಯಾದೆ.

"ನಡುನೀರಾಗ ನನಗೇನಾರ ಆದ್ರ ಏನ್ ಮಾಡ್ತಿ ತಂಗಿ? ಕಲಿ," ಎಂದು ಒಂದು ದಿನ ಎಂಜಿನ್ನಿನ ಹಿಡಿಯನ್ನು ನನ್ನ ಕೈಗೆ ಕೊಟ್ಟರು. ಓಡಿಸುವುದು ಬೇಗ ಬಂತು, ನಿಲ್ಲಿಸುವುದು ಬರಲಿಲ್ಲ. ಸ್ಕೂಟರಿನ ಚಾಳಿ, ದೋಣಿ ನಿಲ್ಲುವ ಕಟ್ಟೆ ಹತ್ತಿರ ಬಂದಮೇಲೆ ಬ್ರೇಕ್ ಹುಡುಕುತ್ತಿದ್ದೆ. ಎರಡು ಸಲ ಗುದ್ದಿಸಿದೆ. ಆಮೇಲೆ ಕಾಕಾ ಒಂದು ತೆಂಗಿನಕಾಯಿಯನ್ನು ನೀರಿಗೆ ಎಸೆದರು. ಗಾಳಿಗೆ ಎದುರಾಗಿ ಬರಬೇಕು, ದೂರದಲ್ಲೇ ಗೇರ್ ಬಿಟ್ಟು ನ್ಯೂಟ್ರಲ್ ಮಾಡಬೇಕು, ಉಳಿದ ಓಟದಲ್ಲೇ ಪಕ್ಕಕ್ಕೆ ಹೋಗಿ ಕಾಯಿ ಎತ್ತಬೇಕು. ದೋಣಿಯ ಅಲೆಗೆ ಅದು ದೂರ ಸರಿದರೆ ಮತ್ತೆ ಮೊದಲಿನಿಂದ. ಒಂದಿಡೀ ಚಳಿಗಾಲ ಆ ಕಾಯಿ ನನ್ನನ್ನು ಆಟ ಆಡಿಸಿತು.

ಒಂದು ಮಧ್ಯಾಹ್ನ ಹೆರಿಗೆ ನೋವು ಬಂದಿದ್ದ ಹೆಂಗಸನ್ನು ಆಚೆ ದಡದಿಂದ ಕರೆತರಬೇಕಿತ್ತು. ಅವಳನ್ನು ಹತ್ತಿಸಿಕೊಂಡು ಹೊರಡಲು ಎಂಜಿನ್ನಿನ ಹಗ್ಗ ಜಗ್ಗಿದಾಗ ಎಂಜಿನ್ ಶುರುವಾಯಿತು, ಕಾಕಾರ ಭುಜ ಉಳುಕಿತು. ಬಲಗೈ ಎತ್ತಲೂ ಆಗದೆ ಹಿಡಿಯನ್ನು ನನಗೆ ಬಿಟ್ಟುಕೊಟ್ಟರು. ಆಕೆ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಚೀರುತ್ತಿದ್ದಳು. ಕಟ್ಟೆಯ ಮೇಲೆ ಆಂಬ್ಯುಲೆನ್ಸ್ ಕಾಣುತ್ತಿತ್ತು. ನನ್ನ ಕೈ ವೇಗ ಏರಿಸುತ್ತಲೇ ಇತ್ತು. ಗುದ್ದಿದ್ದರೆ ಆ ತುಂಬು ಬಸುರಿಯ ಗತಿ...

"ಕಾಯಿ ಅದ ಅಂತ ತಿಳಿ, ತಂಗಿ," ಎಂದರು ಕಾಕಾ. ಅಷ್ಟೇ.

ಗೇರ್ ಬಿಟ್ಟೆ. ದೋಣಿ ತಾನಾಗಿ ಸಾಗಿತು. ಕೊನೆಗೆ ಒಂದೇ ಒಂದು ಚೂರು ರಿವರ್ಸ್ ಕೊಟ್ಟೆ. ಕಟ್ಟೆಗೆ ಕಟ್ಟಿದ್ದ ಹಳೇ ಟೈರಿಗೆ ಮೆತ್ತಗೆ ಒರಗಿ ನಿಂತಿತು. "ಇನ್ನೂ ಎಷ್ಟು ದೂರ?" ಎಂದು ಆಕೆ ಮರಾಠಿಯಲ್ಲಿ ಕೇಳಿದಳು. ದಡ ಮುಟ್ಟಿದ್ದೇ ಅವಳಿಗೆ ಗೊತ್ತಾಗಿರಲಿಲ್ಲ. ಕಾಕಾ ಎಡಗೈಯಲ್ಲಿ ಹಗ್ಗ ಬಿಗಿಯುತ್ತ ನನ್ನ ಕಡೆ ನೋಡಿ ನಕ್ಕರು. ಸಂಜೆಗೆ ಹೆಣ್ಣುಮಗು ಹುಟ್ಟಿತು.

ಆಮೇಲೆ ನನಗೆ ಇಲ್ಲಿ ಶಹರಕ್ಕೆ ವರ್ಗವಾಯಿತು. ಕಾಕಾ ತೀರಿಕೊಂಡ ಸುದ್ದಿ ಎರಡು ತಿಂಗಳು ತಡವಾಗಿ ಬಂತು. ನಿಮ್ಮಿಂದ ಎರಡು ಜೀವ ಉಳಿಯಿತು ಎಂದು ಅವರೆದುರು ಒಮ್ಮೆಯೂ ಹೇಳಲಿಲ್ಲ. ಹೇಳಿದ್ದರೆ ಅದಕ್ಕೂ ಗದರಿಸುತ್ತಿದ್ದರೇನೋ.

ಬಕೆಟ್ಟಿನಿಂದ ಕೈ ತೆಗೆದೆ. ನೀರು ನಿಲ್ಲುವವರೆಗೆ ಕಾದು, ಮೆಲ್ಲಗೆ ಪಕ್ಕದಿಂದ ಕೈ ಚಾಚಿದೆ. ಕಾಯಿ ಸರಿಯಲಿಲ್ಲ, ಅಂಗೈಗೆ ಬಂತು. ತೋರಿಸೋಣವೆಂದರೆ ಕಾಕಾ ಇರಲಿಲ್ಲ.