ಜಪಾನಿನ ಬೆಟ್ಟದ ಚಹಾದಂಗಡಿಗಳು

ಆಗೆಲ್ಲ ಸ್ಯಾನ್ ರಮೋನಿನ ನಮ್ಮ ಮನೆಯಲ್ಲಿ ರಜೆ ಅಂದರೆ ಒಂದೋ ವಿಮಾನ ಹತ್ತಿ ಹಾಸನದ ಅಜ್ಜಿ ಮನೆ, ಇಲ್ಲವೇ ಹತ್ತಿರದ ಗಿಲ್‌ರಾಯ್‌ನ ಅಗ್ಗದ ಔಟ್‌ಲೆಟ್ ಅಂಗಡಿಗಳು. ಹಾಗಾಗಿ ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ, ನವೆಂಬರ್ ರಜೆಗೆ ಮೂವರೂ ಜಪಾನಿಗೆ ಹೋಗ್ತಿದ್ದೀವಿ ಎಂದು ಅಪ್ಪ ಹೇಳಿದ್ದೇ ತಡ, ಸೋಫಾ ಹತ್ತಿ ಕುಣಿದೆ. ಅಮ್ಮ ಬೈಯಲಿಲ್ಲ.

ಅಲ್ಲಿ ಒಂದು ದಿನ ಬೆಟ್ಟ ಹತ್ತಿದೆವು. ತುದಿಯಲ್ಲಿ ಹಳೆಯ ಬೌದ್ಧ ದೇವಸ್ಥಾನ. ದಾರಿಯುದ್ದಕ್ಕೂ ಕಲ್ಲಿನ ಮೆಟ್ಟಿಲು, ಅಲ್ಲಲ್ಲಿ ಮರದ ಪುಟ್ಟ ಚಹಾದಂಗಡಿಗಳು. ಮೇಪಲ್ ಎಲೆಗಳೆಲ್ಲ ಕುಂಕುಮದ ಬಣ್ಣಕ್ಕೆ ತಿರುಗಿದ್ದವು. ಒದ್ದೆ ಮಣ್ಣಿನ ವಾಸನೆ, ಕಟ್ಟಿಗೆ ಹೊಗೆ, ಕೆಂಡದ ಮೇಲೆ ಸುಡುವ ಹಿಟ್ಟಿನ ಘಮ. ಅಪ್ಪ ಮತ್ತು ನಾನು ಕಲ್ಲು-ಕಾಗದ-ಕತ್ತರಿ ಆಡುತ್ತ ಹತ್ತಿದೆವು. ಗೆದ್ದವರಿಗೆ ಒಂದು ಮೆಟ್ಟಿಲು. ಅಪ್ಪ ಬೇಕೆಂದೇ ಸೋಲುತ್ತ ಹಿಂದೆ ಉಳಿದರು.

ಮೊದಲ ಅಂಗಡಿಯಲ್ಲಿ ಕಡ್ಡಿಗೆ ಚುಚ್ಚಿದ ಅಕ್ಕಿಹಿಟ್ಟಿನ ಉಂಡೆ ಕೊಟ್ಟರು. "ಅಮ್ಮ, ಇದು ನಮ್ಮ ಕಡುಬು ಕಣಮ್ಮ!" ಎಂದು ಕೂಗಿದೆ. ಅಮ್ಮ ಚೀಲದಿಂದ ಚಟ್ನಿಪುಡಿ ತೆಗೆದು ಅಂಗಡಿಯ ಅಜ್ಜಿಗೂ ಚೂರು ಕೊಟ್ಟಳು. ಖಾರಕ್ಕೆ ಆ ಅಜ್ಜಿಯ ಕಣ್ಣಲ್ಲಿ ನೀರು. ನಕ್ಕು ನಕ್ಕು ಅಪ್ಪ ಬೆಂಚಿನಿಂದ ಜಾರಿದರು.

ಮುಂದಿನ ಅಂಗಡಿಯಲ್ಲಿ ಹಸಿರು ಚಹಾ, ಬೇವಿನಷ್ಟು ಕಹಿ. ಗಾಳಿ ಬೀಸಿದಾಗ ಅಪ್ಪ ತಮ್ಮ ಜಾಕೆಟ್ಟು ಬಿಚ್ಚಿ ಅಮ್ಮನಿಗೆ ಹೊದಿಸಿದರು.

"ಥ್ಯಾಂಕ್ಸ್," ಅಂದಳು ಅಮ್ಮ.

ಅಮ್ಮ ಅಪ್ಪನಿಗೆ ಥ್ಯಾಂಕ್ಸ್ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಎಷ್ಟು ಚೆನ್ನಾಗಿದ್ದಾರೆ ಇಬ್ಬರೂ ಅಂದುಕೊಂಡೆ.

ಮೇಲೆ ದೇವಸ್ಥಾನದಲ್ಲಿ ಕಣ್ಣು ಮುಚ್ಚಿ ಕೈ ಮುಗಿದೆ.

"ಏನು ಕೇಳ್ಕೊಂಡೆ ಪುಟ್ಟಿ?" ಅಂದರು ಅಪ್ಪ.

"ಎವ್ರಿ ಇಯರ್ ಹೀಗೇ ಬರೋಣ ಅಂತ. ನಾವು ಮೂರೂ ಜನ."

"ನೋಡೋಣ," ಅಂದರು. ಅಮ್ಮ ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

ವಾಪಸು ಬಂದ ವಾರದ ಕೊನೆಗೆ ಇಬ್ಬರೂ ನನ್ನನ್ನು ಅಡುಗೆಮನೆ ಟೇಬಲ್ಲಿಗೆ ಕರೆದು ಕೂರಿಸಿದರು. "ಎಮರಿವಿಲ್‌ನಲ್ಲಿ ಅಪಾರ್ಟ್‌ಮೆಂಟು ತಗೊಂಡಿದ್ದೀನಿ. ಆಫೀಸಿಗೆ ಹತ್ತಿರ," ಅಂದರು ಅಪ್ಪ.

"ನಾವೂ ಹೋಗ್ತೀವಾ?"

"ಇಲ್ಲ ಪುಟ್ಟಿ. ನಾನು, ನೀನು ಇಲ್ಲೇ. ಅಪ್ಪ ಒಬ್ರೇ ಹೋಗ್ತಾರೆ," ಅಂದಳು ಅಮ್ಮ. ದನಿ ನಡುಗಲಿಲ್ಲ. ಮೊದಲೇ ಹೇಳಿ ಹೇಳಿ ರೂಢಿ ಮಾಡಿಕೊಂಡಂತಿತ್ತು.

"ಯಾವಾಗ ಡಿಸೈಡ್ ಮಾಡಿದ್ರಿ?"

ಇಬ್ಬರೂ ಮುಖ ನೋಡಿಕೊಂಡರು. "ಬೇಸಿಗೇಲೇ," ಅಂದರು ಅಪ್ಪ. "ಅದಕ್ಕೇ, ಹೋಗೋದಕ್ಕೆ ಮುಂಚೆ ನಿನಗೆ ಒಂದು ಒಳ್ಳೇ ನೆನಪಿರಲಿ ಅಂತ..."

"ಹಾಗಾದ್ರೆ ಅಲ್ಲಿ ನೀವಿಬ್ರೂ ಆಕ್ಟಿಂಗ್ ಮಾಡ್ತಿದ್ರಾ?"

ಅಮ್ಮ ಎದ್ದು ಹಾಲು ಬಿಸಿಗಿಟ್ಟಳು. ನಾನು ಕುಡಿಯಲಿಲ್ಲ.

ಆಮೇಲೆ ಶುಕ್ರವಾರ ಅಪ್ಪನ ಕಾರು, ಭಾನುವಾರ ಅಮ್ಮನ ಕಾರು. ನನ್ನ ಬಾಲ್ಯದ ಉಳಿದ ಭಾಗ ಫ್ರೀವೇ ಮೇಲೆ, ಹಿಂದಿನ ಸೀಟಿನಲ್ಲಿ ಕಳೆಯಿತು.

ಇಬ್ಬರ ಮನೆಯ ಗೋಡೆಯ ಮೇಲೂ ಆ ಬೆಟ್ಟದಲ್ಲಿ ಮೂವರೂ ನಿಂತ ಅದೇ ಫೋಟೋ ಇದೆ. "ಎಷ್ಟು ಖುಷಿಯಾಗಿದ್ವಿ ಅಲ್ವೇನೇ ಅವತ್ತು?" ಎಂದು ಅಮ್ಮ ಈಗಲೂ ಕೇಳುತ್ತಾಳೆ. ಅಪ್ಪನೂ ಅದನ್ನೇ ಕೇಳುತ್ತಾರೆ. ತಂದೆತಾಯಿಯಾಗಿ ತಾವು ಚೆನ್ನಾಗಿ ಮಾಡಿ ಮುಗಿಸಿದ ಕೆಲಸ ಅದು ಎಂದು ಅವರು ನಂಬಿದ್ದಾರೆ.

ಮನೆ ಒಡೆದ ಬೇರೆ ಮಕ್ಕಳಿಗೆ ಹಿಂದಿನ ಒಳ್ಳೆಯ ದಿನಗಳಾದರೂ ಉಳಿಯುತ್ತವೆ. ನನಗೆ ಅವೂ ಉಳಿಯಲಿಲ್ಲ. ಆ ಪ್ರವಾಸಕ್ಕೂ ಹಿಂದಿನ ಹುಟ್ಟುಹಬ್ಬಗಳು, ಭಾನುವಾರದ ದೋಸೆ, ಮೂವರೂ ಒಂದೇ ಕಂಬಳಿಯಡಿ ಕೂತ ಸಂಜೆಗಳು... ಅವೆಲ್ಲ ನಿಜವೇ ಎಂದು ಕೇಳಿದರೆ ಇಬ್ಬರೂ ಹೌದು ಅನ್ನುತ್ತಾರೆ. ಹಾಗೆ ಅನ್ನುವುದರಲ್ಲಿ ಅವರೆಷ್ಟು ನುರಿತವರೆಂದು ನಾನು ಕಂಡಿದ್ದೇನೆ.