ಸಲಾಕೆ ತಳ ಮುಟ್ಟದ ಬೇಸಿಗೆಗಳು

ಕಳೆದ ಶನಿವಾರ ಲಂಡನ್ನಿನ ಅಂಚಿನ ಸಟನ್‌ನಲ್ಲಿ, ತರಕಾರಿ ಬೆಳೆಯಲೆಂದು ಕೌನ್ಸಿಲ್‌ನವರು ಬಾಡಿಗೆಗೆ ಕೊಟ್ಟ ನಮ್ಮ ಚೂರು ನೆಲದಲ್ಲಿ, ಬೀನ್ಸ್ ಬಳ್ಳಿಗೆ ಬಿದಿರುಕಡ್ಡಿ ಊರುತ್ತಿದ್ದೆ. ಗೇಣುದ್ದ ಇಳಿದರೆ ಸಾಕಿತ್ತು. ಕೆಳಗೆ ನರಿ ತೋಡಿದ ಬಿಲವಿತ್ತೋ ಏನೋ, ಮುಷ್ಟಿ ಮಣ್ಣಿಗೆ ತಾಗುವವರೆಗೂ ಕಡ್ಡಿ ಸರ್ರನೆ ಒಳಗೆ ಹೋಯಿತು. ಬೆಂಕಿ ಮುಟ್ಟಿದವಳಂತೆ ಕೈ ಎಳೆದುಕೊಂಡೆ. ಪಕ್ಕದ ಪಾತಿಯ ಮುದುಕ, ಏನಾಯಿತೆಂದು ಕೇಳಿದ. ಏನಿಲ್ಲ ಎಂದೆ. ಅವನಿಗೆ ಹೇಳಲು ಇಡೀ ಮಧ್ಯಾಹ್ನ ಬೇಕಾಗುತ್ತಿತ್ತು. ನಿಮಗೆ ಹೇಳಬಹುದು.

ತೊಂಬತ್ತರ ದಶಕದ ನಡುವೆ ನಾನು ಲಂಡನ್ನಿನ ಒಂದು ಸಂಶೋಧನಾ ಕಚೇರಿಯ ನೆಲಮಾಳಿಗೆಯಲ್ಲಿ ಅಂಕಿಗಳನ್ನು ಕಂಪ್ಯೂಟರಿಗೆ ತುಂಬುವ ಕೆಲಸಕ್ಕೆ ಸೇರಿದೆ. ವಿಜಾಪುರದಲ್ಲಿ ಕಲಿತ ಟೈಪಿಂಗ್ ಅಲ್ಲಿ ನೆರವಾಯಿತು. ಪಕ್ಕದ ಮೇಜಿನಲ್ಲಿ ಲವೀನಾ ಬಾಯಿ. ಉಡುಪಿ ಕಡೆಯವರು, ನನಗಿಂತ ಹತ್ತು ವರ್ಷ ಹಿರಿಯರು, ಕ್ವೀನ್ಸ್‌ಬರಿಯಿಂದ ಬರುತ್ತಿದ್ದರು. ಮನೆಯಲ್ಲಿ ಕೊಂಕಣಿ, ನನ್ನೊಡನೆ ಕನ್ನಡ. ಅವರ ಕನ್ನಡಕ್ಕೆ ನಾನು ನಗುತ್ತಿದ್ದೆ, ನನ್ನದಕ್ಕೆ ಅವರು.

ಪ್ರತಿ ಶರತ್ಕಾಲದಲ್ಲಿ ಕೆನಡಾದ ಉತ್ತರ ತುದಿಯಿಂದ ಒಂದು ನೋಟ್‌ಬುಕ್ ಅಂಚೆಯಲ್ಲಿ ಬರುತ್ತಿತ್ತು. ಅಲ್ಲಿನ ನೆಲ ಸಾವಿರಾರು ವರ್ಷಗಳಿಂದ ಹೆಪ್ಪುಗಟ್ಟಿಯೇ ಇದೆಯಂತೆ. ಬೇಸಿಗೆಯಲ್ಲಿ ಮೇಲಿನ ಪದರವಷ್ಟೇ ಕರಗಿ ಕೆಸರಾಗುತ್ತದೆ, ಚಳಿಗಾಲಕ್ಕೆ ಮತ್ತೆ ಗಟ್ಟಿಯಾಗುತ್ತದೆ. ಆ ಪದರ ವರ್ಷದಿಂದ ವರ್ಷಕ್ಕೆ ಎಷ್ಟು ಆಳವಾಗುತ್ತಿದೆ ಎಂದು ನೋಡುವುದು ನಮ್ಮ ಮೇಲಧಿಕಾರಿ ಹೆಲೆನ್ ಅವರ ಬದುಕಿನ ಕೆಲಸ. ಬೇಸಿಗೆಯ ಕೊನೆಗೆ, ಗೂಟ ನೆಟ್ಟು ಗುರುತಿಸಿದ ಅದೇ ಅದೇ ಜಾಗಗಳಲ್ಲಿ, ಒಂದು ಮೀಟರಿನ ಉಕ್ಕಿನ ಸಲಾಕೆಯನ್ನು ಒತ್ತುವುದು. ಕೆಳಗಿನ ಮಂಜುಗಟ್ಟಿಗೆ ತಾಗಿ ನಿಂತಲ್ಲಿಗೆ ಅಳತೆ, ಸೆಂಟಿಮೀಟರಿನಲ್ಲಿ. ಅಷ್ಟೇ. ಎರೆಭೂಮಿಯ ಬಿರುಕಿಗೆ ಮೊಣಕೈವರೆಗೆ ಕೈ ತೂರಿಸಿ ಆಡಿದವಳು ನಾನು. ಮಣ್ಣಿನೊಳಗೆ ಐಸ್ ಎಂದರೆ ಮೊದಲು ತಮಾಷೆ ಎಂದೇ ತಿಳಿದಿದ್ದೆ.

ಹೆಲೆನ್ ಮೊದಮೊದಲು ತಾವೇ ಹೋಗುತ್ತಿದ್ದರು. ಮಂಡಿಯ ಆಪರೇಷನ್ ಆದ ಮೇಲೆ ಅಲ್ಲಿನವನೇ ಒಬ್ಬ ಅಳೆದು ಬರೆದು ಕಳಿಸುತ್ತಿದ್ದ. ಅವನನ್ನು ನಾನು ನೋಡಿಲ್ಲ. ಅವನ ಪುಟಗಳ ನಡುವೆ ಚಪ್ಪಟೆಯಾದ ಸೊಳ್ಳೆಗಳನ್ನು ನೋಡಿದ್ದೇನೆ.

ಒಂದು ವರ್ಷ ಎರಡು ಮೂರು ಕಡೆ ನೂರರ ಮುಂದೆ ಪ್ಲಸ್ ಚಿಹ್ನೆ ಇತ್ತು. ಟೈಪ್ ಮಾಡಿದರೆ ಕಂಪ್ಯೂಟರ್ ಕುಂಯ್ ಎಂದಿತು.

“ಲವೀನಾ ಬಾಯಿ, ಇದು ಪ್ಲಸ್ ತಗೋವಲ್ದ ನೋಡ್ರಿ.”

“ತಗೊಳ್ಳದಿದ್ರೆ ಬಿಡು ಮಾರಾಯ್ತಿ. ನೂರು ಅಂದ್ರೆ ನೂರು. ಮೇಲಿನ ಚಿಲ್ರೆ ಯಾರಿಗೆ ಬೇಕು?”

ಬಿಟ್ಟೆ. ಮುಂದಿನ ವರ್ಷ ಅಂಥವು ಹೆಚ್ಚಾದವು, ಅದರ ಮುಂದಿನ ವರ್ಷ ಇನ್ನೂ ಹೆಚ್ಚು. ಅದೇ ಅಂಕಿ ಮತ್ತೆ ಮತ್ತೆ ಬಂದರೆ ಬೆರಳು ತಾನೇ ಓಡುತ್ತದೆ, ತಪ್ಪೂ ಕಡಿಮೆ. ಐದೂವರೆಯ ರೈಲಿನ ಬದಲು ಐದರ ರೈಲು ಸಿಗುತ್ತಿತ್ತು.

“ಇವತ್ತು ಎಷ್ಟು ಸೆಂಚುರಿ ಹೊಡೆದೆ?” ಎಂದು ಲವೀನಾ ಬಾಯಿ ಕೇಳುತ್ತಿದ್ದರು.

“ಇಪ್ಪತ್ತಾತ್ರಿ. ಇನ್ನೂ ನಾಟೌಟ್!”

ಹೀಗೆ ನಗುತ್ತಿದ್ದೆವು. ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ಆ ನೂರುಗಳನ್ನು ಕಂಡಾಗ ನನಗೆ ಖುಷಿಯಾಗುತ್ತಿತ್ತು ಎಂಬುದೂ ನಡೆದ ಸಂಗತಿಯೇ.

ಎರಡು ಸಾವಿರದ ಮೇಲೆ ಕೆಲವು ವರ್ಷ ಕಳೆದಿತ್ತು. ಒಂದು ಬೆಳಿಗ್ಗೆ ಹೆಲೆನ್ ಕೋಲೂರಿಕೊಂಡು ಮೆಟ್ಟಿಲಿಳಿದು ಬಂದರು. ಕೈಯಲ್ಲಿ ಒಂದು ಹಾಳೆ. ಅದರಲ್ಲಿ ಎಲ್ಲ ಜಾಗಗಳ ಸರಾಸರಿ ಆಳ ತೋರಿಸುತ್ತಾ ಏರಿ ಬಂದ ಗೆರೆಯೊಂದು ಕೊನೆಯ ನಾಲ್ಕೈದು ವರ್ಷ ಮಲಗಿಬಿಟ್ಟಿತ್ತು.

“ನೋಡಿ,” ಎಂದರು ಇಂಗ್ಲಿಷಿನಲ್ಲಿ. “ನಿಂತಿದೆ. ನಮ್ಮ ನೆಲ ನಿಂತಿದೆ. ಇನ್ನು ಆ ಜಾಗವನ್ನು ಮುಚ್ಚಿ ಬೇರೆ ಕಡೆ ಅಳೆಯಬಹುದು.” ಅವರು ಅಷ್ಟು ಸಂತೋಷವಾಗಿದ್ದುದನ್ನು ನಾನು ನೋಡಿರಲಿಲ್ಲ.

ಗೆರೆ ಎಲ್ಲಿ ಮಲಗಿದೆ ಎಂದು ಪಕ್ಕದ ಅಂಕಿ ನೋಡಿದೆ. ನೂರಕ್ಕೆ ಕೂದಲೆಳೆಯಷ್ಟು ಕೆಳಗೆ. ಸುಮ್ಮನಿದ್ದರೆ ಆ ಜಾಗ ಮುಚ್ಚುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ನನ್ನದು ಮೇಲಿನವರು ವರ್ಷವರ್ಷಕ್ಕೂ ಮುಂದುವರಿಸಿದರಷ್ಟೇ ಉಳಿಯುವ ನೌಕರಿ.

“ಆ ಪ್ಲಸ್‌ಗಳನ್ನು ಲೆಕ್ಕಕ್ಕೆ ಹಿಡಿದಿದ್ದೀರಾ?” ಎಂದೆ.

“ಯಾವ ಪ್ಲಸ್?”

ನೋಟ್‌ಬುಕ್ಕುಗಳನ್ನು ಪೆಟ್ಟಿಗೆಯಿಂದ ತೆಗೆದು ಮುಂದಿಟ್ಟೆ. ಹೆಲೆನ್ ನಿಂತೇ ಪುಟ ಮಗುಚಿದರು, ಆಮೇಲೆ ನನ್ನ ಕುರ್ಚಿಯಲ್ಲಿ ಕುಳಿತರು. ಸಲಾಕೆ ಪೂರ್ತಿ ಒಳಗಿಳಿದರೂ ಮಂಜುಗಟ್ಟಿ ಸಿಗಲಿಲ್ಲ ಎಂಬುದು ಆ ಚಿಹ್ನೆಯ ಅರ್ಥ. ನಾನು ತುಂಬಿದ ನೂರುಗಳು ನೆಲದ ಆಳವಾಗಿರಲಿಲ್ಲ, ಸಲಾಕೆಯ ಉದ್ದವಾಗಿದ್ದವು. ನೆಲ ನಿಂತಿರಲಿಲ್ಲ.

ಪ್ರತಿ ಪುಸ್ತಕದ ಕೊನೆಯ ಪುಟದಲ್ಲಿ ಒಂದೇ ಸಾಲು. ಹೆಲೆನ್ ಅದನ್ನು ಗಟ್ಟಿಯಾಗಿ ಓದಿದರು: “ದಯವಿಟ್ಟು ಉದ್ದದ ಸಲಾಕೆ ಕಳಿಸಿ.” ಮುಂದಿನ ಪುಸ್ತಕದಲ್ಲೂ ಅದೇ. ಅದರ ಮುಂದಿನದರಲ್ಲೂ. ಕೊನೆಯದರಲ್ಲಿ ಅಳೆಯುವವನು ಅಡಿಗೆರೆ ಎರಡು ಸಲ ಎಳೆದಿದ್ದ. ಆ ಸಾಲನ್ನು ನಾನು ಪ್ರತಿ ವರ್ಷವೂ ನೋಡಿದ್ದೆ. ಸಾಮಾನು ಕೇಳುವ ಚೀಟಿ, ಬೇರೆ ಯಾರೋ ನೋಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಪುಸ್ತಕದಲ್ಲಿ ಬರೆದರೆ ಲಂಡನ್ ಓದುತ್ತದೆ ಎಂದು ಅವನು ನಂಬಿದ್ದ.

“ಬಿಡಲಿಕ್ಕೆ ಹೇಳಿದ್ದು ನಾನೇ,” ಎಂದರು ಲವೀನಾ ಬಾಯಿ ಥಟ್ಟನೆ. ಹೆಲೆನ್ ಅವರಿಗೆ ತಿಳಿಯಲೆಂದು ಇಂಗ್ಲಿಷಿನಲ್ಲೇ.

“ಟೈಪ್ ಮಾಡಿದವಳು ನಾನು,” ಎಂದೆ.

ಹೆಲೆನ್ ಯಾರನ್ನೂ ನೋಡಲಿಲ್ಲ. “ಸಲಾಕೆ ನಾಳೆಯೇ ಕಳಿಸಬಹುದು,” ಎಂದರು. “ಆದರೆ ಆ ಬೇಸಿಗೆಗಳು...” ಕರಗಿದ್ದೆಷ್ಟೆಂದು ಆಯಾ ಬೇಸಿಗೆಯಲ್ಲೇ ಅಳೆಯಬೇಕು. ಹೋದ ಬೇಸಿಗೆಗೆ ಮತ್ತೆ ಹೋಗಿ ಸಲಾಕೆ ಊರಲಾಗದು.

ಜಾಗ ಮುಚ್ಚಲಿಲ್ಲ. ಹೊಸ ಕಾಲಮ್ ಸೇರಿಸಿ ನಾವಿಬ್ಬರೂ ಎಲ್ಲವನ್ನೂ ಮತ್ತೆ ತುಂಬಿದೆವು. ವಾರಗಟ್ಟಲೆ ಹಿಡಿಯಿತು. ಲವೀನಾ ಬಾಯಿ ಅಂಕಿ ಓದುತ್ತಿದ್ದರು: “ನೂರು, ಪ್ಲಸ್. ನೂರು, ಪ್ಲಸ್.” ಇಬ್ಬರೂ ನಗಲಿಲ್ಲ. ನನ್ನ ನೌಕರಿ ಉಳಿಯಿತು. ಹೆಲೆನ್ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷ ಹೊರಬೇಕಾಗುತ್ತಿರಲಿಲ್ಲವೇನೋ.

ಶನಿವಾರ ಮನೆಗೆ ಬಂದು ಕೈ ತೊಳೆದು, ಆ ಅಳತೆಗಳ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಹುಡುಕಿದೆ. ಈಗ ಅದನ್ನು ಯಾರು ಬೇಕಾದರೂ ನೋಡಬಹುದು. ಅಳತೆ ಈಗಲೂ ನಡೆಯುತ್ತಿದೆ, ಅಂಕಿಗಳು ನೂರನ್ನು ದಾಟಿ ಬಹಳ ದೂರ ಹೋಗಿವೆ. ನಮ್ಮ ಆ ವರ್ಷಗಳ ಕೆಳಗೆ ಹೆಲೆನ್ ಬರೆಸಿದ ಅಡಿಟಿಪ್ಪಣಿ ಇದೆ: ದಾಖಲಿಸುವಾಗ ಚಿಹ್ನೆಗಳನ್ನು ಬಿಡಲಾಗಿತ್ತು, ನಿಜವಾದ ಆಳ ತಿಳಿದಿಲ್ಲ. ಯಾರು ಬಿಟ್ಟರು ಎಂದು ಅವರು ಬರೆಸಿಲ್ಲ. ಅದು ಅವರ ದೊಡ್ಡತನ ಎಂದು ಇಷ್ಟು ದಿನ ಸುಮ್ಮನಿದ್ದೆ.

ಬಿಟ್ಟವಳು ನಾನು.