ನಮ್ಮ ಫೋನಿನಲ್ಲಿದ್ದ ಅವಳ ಅಂಗಡಿ

ತೊಂಬತ್ತರ ದಶಕದಲ್ಲಿ ಬಂಟ್ವಾಳದ ನಮ್ಮ ಬೀದಿಗೆಲ್ಲ ಒಂದೇ ಟೆಲಿಫೋನು, ಅದು ನಮ್ಮ ಮನೆಯದು. ಹಾಗಾಗಿ ಬೀದಿಯ ಅರ್ಧ ಜನರ ವಿಸಿಟಿಂಗ್ ಕಾರ್ಡಿನಲ್ಲಿ, ಮದುವೆ ಕಾಗದದಲ್ಲಿ ನಮ್ಮ ನಂಬರೇ ಇರುತ್ತಿತ್ತು. ಪಕ್ಕದಲ್ಲಿ ‘ಪಿ.ಪಿ.’ ಎಂದು ಎರಡಕ್ಷರ. ಫೋನು ನೆರೆಮನೆಯದು, ಕೇಳಿದರೆ ಕರೆದು ಕೊಡುತ್ತಾರೆ ಎಂದರ್ಥ. ಕಾನ್ವೆಂಟಿನಲ್ಲಿ ಕಲಿತು, ಕಾನ್ವೆಂಟಿನಲ್ಲೇ ಇಂಗ್ಲಿಷ್ ಕಲಿಸಿ ರಿಟೈರ್ ಆದ ನನಗೆ ಈ ಕರೆದು ಕೊಡುವುದೇ ಒಂದು ಹೊಸ ಡ್ಯೂಟಿಯಾಗಿತ್ತು.

ಹೆಚ್ಚು ಕರೆ ಬರುತ್ತಿದ್ದದ್ದು ಪಕ್ಕದಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದ ಬ್ಯಾರಿ ಹೆಂಗಸಿಗೆ. ನಾನು ಕಾಂಪೌಂಡಿನ ಬಳಿ ನಿಂತು ಚಪ್ಪಾಳೆ ತಟ್ಟಿದರೆ ಸಾಕು, ಕೊರಳಲ್ಲಿ ಟೇಪು, ಹಲ್ಲಿನಲ್ಲಿ ನೂಲು, ಓಡಿ ಬರುತ್ತಿದ್ದಳು. ಗಲ್ಫಿನಲ್ಲಿದ್ದ ತಾಯಂದಿರು ರಜೆಗೆ ಬರುವ ಮೊದಲೇ ಮಕ್ಕಳ ಅಳತೆ ಹೇಳುತ್ತಿದ್ದರು. ಅವಳಿಲ್ಲದಿದ್ದರೆ ನಾನೇ ಕ್ಯಾಲೆಂಡರಿನ ಹಿಂದೆ ಬರೆದುಕೊಳ್ಳುತ್ತಿದ್ದೆ: ಶೋಲ್ಡರ್, ಸ್ಲೀವ್, ಫುಲ್ ಲೆಂತ್. ಒಬ್ಬಾಕೆಯಂತೂ, “ಟೀಚರ್, ಮಗಳು ಈಗ ನನ್ನ ಕಿವಿಯವರೆಗೆ ಬರ್ತಾಳೆ, ಅಷ್ಟಕ್ಕೆ ಹೊಲಿಲಿಕ್ಕೆ ಹೇಳಿ” ಎಂದು ಇಟ್ಟುಬಿಟ್ಟಿದ್ದಳು. ಆಕೆಯ ಕಿವಿ ಎಷ್ಟು ಎತ್ತರವೆಂದು ನಾವಿಬ್ಬರೂ ಕೂತು ನೆನಪು ಮಾಡಿಕೊಂಡೆವು.

ಒಂದು ಮಳೆಗಾಲ ನೇತ್ರಾವತಿ ನದಿ ಉಕ್ಕಿ ಅಂಗಡಿಯೊಳಗೆ ಸೊಂಟದೆತ್ತರ ಬಂತು. ಹೊಲಿದಿಟ್ಟ ಬಟ್ಟೆಯೆಲ್ಲ ಕೆಸರು. ಅವಳು ಮಗಳ ಮನೆಯಿದ್ದ ಗುರುವಾಯನಕೆರೆಗೆ ಹೋಗಿ, ಬಸ್ಸು ನಿಲ್ಲುವಲ್ಲೇ ಹೊಸದಾಗಿ ಅಂಗಡಿ ಇಟ್ಟಳು. ಇಬ್ಬರು ಹೆಂಗಸರನ್ನು ಕೆಲಸಕ್ಕೆ ಸೇರಿಸಿಕೊಂಡಳು. ಮೊಬೈಲೂ ಬಂತು. ಆದರೆ ಹಳೆಯ ಕಾರ್ಡಿನ ಒಂದು ಡಬ್ಬಿ ನೆರೆಯಲ್ಲಿ ಹೇಗೋ ಉಳಿದಿತ್ತು. ಬಿಸಾಡಲು ಮನಸ್ಸಿಲ್ಲದೆ ಅದರ ಮೇಲೆಯೇ ಪೆನ್ನಿನಲ್ಲಿ ಮೊಬೈಲ್ ನಂಬರ್ ಬರೆದು ಹಂಚುತ್ತಿದ್ದಳು.

ಪೆನ್ನು ಮುಟ್ಟದ ಒಂದು ಕಾರ್ಡು ಮಾತ್ರ, ಅಂಗಡಿಗಳ ವಿವರವನ್ನು ಇಂಟರ್‌ನೆಟ್ಟಿಗೆ ಹಾಕುವ ಯಾವುದೋ ಡೈರೆಕ್ಟರಿಯವರ ಕೈಸೇರಿತು. ರಜೆಗೆ ಬಂದ ನನ್ನ ತಂಗಿಯ ಮಗಳು ಲ್ಯಾಪ್‌ಟಾಪಿನಲ್ಲಿ ತೋರಿಸಿದಳು. ಅಂಗಡಿಯ ಹೆಸರು, ಬಂಟ್ವಾಳದ ಹಳೇ ಅಡ್ರೆಸ್, ನಮ್ಮ ನಂಬರು. ಪಿ.ಪಿ. ಇಲ್ಲ. ಸಾಲದ್ದಕ್ಕೆ ಕೆಳಗೊಂದು ವೆಬ್‌ಸೈಟು! ಒತ್ತಿದರೆ ಯಾವುದೋ ದೇಶದ ಕಂಪನಿ, ಬೆನ್ನು ಕಾಣುವ ಗೌನು ತೊಟ್ಟ ಬಿಳಿ ಹೆಂಗಸರು. ಗುರುವಾಯನಕೆರೆಗೆ ಫೋನು ಮಾಡಿ ಹೇಳಿದಾಗ ಅವಳು ಬಿದ್ದು ಬಿದ್ದು ನಕ್ಕಳು.

“ಬೆನ್ನಿನ ಬಟ್ಟೆ ಟೈಲರ್ ಕದ್ದಳು ಅಂತ ಹೇಳ್ಯಾರು ಟೀಚರ್!”

ಆ ಡೈರೆಕ್ಟರಿ ನೋಡಿ ಕರೆ ಮಾಡಿದವರಿಗೆಲ್ಲ ನಾನು ಅವಳ ಮೊಬೈಲ್ ನಂಬರ್ ಕೊಡುತ್ತಿದ್ದೆ. ಒಂದು ದಿನ ಡೈರೆಕ್ಟರಿಯಿಂದಲೇ ಒಂದು ಹುಡುಗಿಯ ಕರೆ. “ಮ್ಯಾಮ್, ಆರ್ ಯು ದಿ ಓನರ್?” ಸುಳ್ಳು ಹೇಳಿದ ಮಕ್ಕಳನ್ನು ಚಾಪೆಲ್ಲಿನಲ್ಲಿ ಮಂಡಿಯೂರಿಸುತ್ತಿದ್ದ ಸಿಸ್ಟರ್‌ಗಳ ಕೈಯಲ್ಲಿ ಬೆಳೆದವಳು ನಾನು. ತಡಮಾಡದೆ, “ನೋ, ಮೈ ಡಿಯರ್. ಶಿ ಹ್ಯಾಸ್ ಕ್ಲೋಸ್ಡ್ ದಿ ಶಾಪ್ ಹಿಯರ್ ಆಂಡ್...” ಎಂದೆ. ಗುರುವಾಯನಕೆರೆ ಎನ್ನುವುದರೊಳಗೆ “ಥ್ಯಾಂಕ್ಯೂ ಮ್ಯಾಮ್” ಎಂದು ಇಟ್ಟಳು.

ಆಮೇಲೆ ಅವಳಿಗಾಗಿ ಕರೆ ಬರುವುದು ನಿಂತಿತು. ಎಲ್ಲರಿಗೂ ಹೊಸ ನಂಬರ್ ಸಿಕ್ಕಿರಬೇಕೆಂದು ನಾನು ಸಮಾಧಾನದಲ್ಲಿದ್ದೆ. ಮದುವೆಗಳ ಸೀಸನ್ ಶುರುವಾಗುವಾಗ ಅವಳೇ ಫೋನು ಮಾಡಿದಳು. ದನಿಯಲ್ಲಿ ನಗುವಿರಲಿಲ್ಲ.

“ಟೀಚರ್, ಗಲ್ಫಿನ ಎರಡು ಮನೆಯವರು ಈ ಸಲ ಮಂಗಳೂರಲ್ಲಿ ಹೊಲಿಸಿದ್ರಂತೆ. ನನ್ನ ಅಂಗಡಿ ಪರ್ಮನೆಂಟ್ ಬಂದ್ ಅಂತ ಕಂಪ್ಯೂಟರಲ್ಲಿ ಉಂಟಂತೆ. ಹೀಗಾದ್ರೆ ಈ ಇಬ್ಬರಿಗೆ ನಾನು ಎಲ್ಲಿಂದ ಕೆಲಸ ಕೊಡುದು? ಯಾರು ಹೇಳಿದ್ದು ಹಾಗೆ?”

ಯಾರೆಂದು ನನಗೆ ಗೊತ್ತಿತ್ತು. ಫೋನಿನಲ್ಲಿ ಹೇಳಲು ಧೈರ್ಯ ಬರಲಿಲ್ಲ. ಮರುದಿನ ಬೆಳಿಗ್ಗೆಯ ಬಸ್ಸು ಹಿಡಿದು ಹೋಗಿ, ಕೆಲಸದ ಹೆಂಗಸರ ಎದುರಿಗೇ ಒಪ್ಪಿಕೊಂಡೆ. ಅವಳು ಮೆಷಿನ್ ನಿಲ್ಲಿಸಿದಳು.

“ಇಷ್ಟು ವರ್ಷ ನನ್ನ ಬದಲಿಗೆ ಅಳತೆ ಬರ್ಕೊಂಡ್ರಿ. ಒಂದು ‘ಹೌದು’ ಹೇಳ್ಲಿಕ್ಕೆ ಬಾಯಿ ಬರ್ಲಿಲ್ವಾ ಟೀಚರ್?”

“ಸುಳ್ಳಾಗ್ತದಲ್ಲ ಮಾರಾಯ್ತಿ.”

“ನಿಮ್ಮ ನಿಜದಲ್ಲಿ ನನ್ನ ಅಂಗಡಿ ಸತ್ತಿತು.”

ಅವಳೇ ಎದ್ದು ಎದುರಿನ ಹೋಟೆಲಿನಿಂದ ಎರಡು ಚಾ ತಂದಳು. ಕುಡಿದು ಹತ್ತಿರದ ಸೈಬರ್‌ಗೆ ಹೋದೆವು. ಸೈಬರಿನವನು ಎಲ್ಲ ತಿದ್ದಿ ಕಳಿಸಿ, “ಖಚಿತ ಮಾಡ್ಲಿಕ್ಕೆ ಅವರು ಫೋನ್ ಮಾಡ್ತಾರೆ. ಆದ್ರೆ ಅವರಲ್ಲಿರುವ ಹಳೇ ನಂಬರಿಗೇ ಮಾಡುದು” ಎಂದ. ಅಂದರೆ ನಮ್ಮ ಮನೆಗೆ.

ಆ ಕರೆಗಾಗಿ ಅವಳು ನನ್ನ ಜೊತೆಗೇ ಬಂದು ಎರಡು ದಿನ ಬಂಟ್ವಾಳದಲ್ಲಿ ಉಳಿದಳು. ನಮ್ಮ ಜಗಲಿಯಲ್ಲಿ ಕೂತು, ಫೋನಿನ ಮೇಲೆ ಕಣ್ಣಿಟ್ಟು, ಯಾರದೋ ರವಿಕೆಗೆ ಕೈಹೊಲಿಗೆ ಹಾಕುತ್ತಿದ್ದಳು. ಎರಡನೇ ದಿನ ಮಧ್ಯಾಹ್ನ ಒಳಕೋಣೆಯಲ್ಲಿ ನಮಾಜಿಗೆ ನಿಂತದ್ದೇ ತಡ, ಫೋನು ಬಡಿದುಕೊಂಡಿತು. ಬಾಗಿಲಿನಿಂದ ಇಣುಕಿದೆ. ಅವಳ ಹಣೆ ನೆಲದ ಮೇಲಿತ್ತು. ಕರೆಯುವಂತಿಲ್ಲ.

“ಮ್ಯಾಮ್, ಆರ್ ಯು ದಿ ಓನರ್?”

“ಯೆಸ್,” ಎಂದೆ. “ಓನರ್ ಸ್ಪೀಕಿಂಗ್.”

ಒಮ್ಮೆ ಬಾಯಿ ತೆರೆದ ಮೇಲೆ ನಾಲಗೆ ತಡವರಿಸಲೇ ಇಲ್ಲ. ಗುರುವಾಯನಕೆರೆ, ಬಸ್ಸು ನಿಲ್ಲುವಲ್ಲಿ, ಮೆಟ್ಟಿಲು ಹತ್ತಿ ಎಡಕ್ಕೆ. ಶುಕ್ರವಾರ ಮಧ್ಯಾಹ್ನ ರಜೆ. ಅವಳ ಮೊಬೈಲ್ ನಂಬರನ್ನು ಎರಡು ಸಲ ಹೇಳಿದೆ. ವೆಬ್‌ಸೈಟ್ ನಮ್ಮದಲ್ಲ, ತೆಗೆಯಿರಿ ಎಂದೆ. ಬಂಟ್ವಾಳದ ಈ ನಂಬರನ್ನೂ ತೆಗೆಯಬೇಕೇ ಎಂದು ಹುಡುಗಿ ಕೇಳಿದಾಗ ಮಾತ್ರ ಗೋಡೆಯ ಕ್ಯಾಲೆಂಡರಿನ ಕಡೆ ಕಣ್ಣು ಹೋಯಿತು. ತೆಗೆಯಿರಿ ಎಂದೆ.

ಹೋದ ಎರಡು ಮನೆಯವರು ಆ ಸೀಸನ್‌ಗೆ ಮರಳಲಿಲ್ಲ. ಆದರೆ ತಿಂಗಳೊಳಗೆ ಬೆಳುವಾಯಿಯ ಕಡೆಯ ಒಂದು ಮನೆಯವರು ಯಾರನ್ನೂ ದಾರಿ ಕೇಳದೆ ನೇರ ಮೆಟ್ಟಿಲು ಹತ್ತಿ ಬಂದರಂತೆ, ಹದಿನಾರು ರವಿಕೆಯ ಬಟ್ಟೆ ಹಿಡಿದುಕೊಂಡು. ಕೆಲಸದ ಇಬ್ಬರೂ ಉಳಿದರು. ಅದನ್ನು ಹೇಳಲು ಅವಳು ಫೋನು ಮಾಡಿದಾಗ ಅಭ್ಯಾಸಬಲದಿಂದ ನಾನು ಕೇಳಿದೆ, “ಯಾರನ್ನು ಕರೀಬೇಕಿತ್ತು?”

“ಯಾರನ್ನೂ ಬೇಡ ಟೀಚರ್,” ಎಂದಳು ಅವಳು, “ನಿಮ್ಮತ್ರವೇ ಮಾತಾಡ್ಲಿಕ್ಕೆ.”